ಆಯುಧ ಪೂಜೆಗೆ ನಿಲ್ಲಿಸಿದ ಕಂಪ್ಯೂಟರ್

ಆಗ ನನಗೆ ಐವತ್ತೆಂಟು ವರ್ಷ. ಇವತ್ತಿಗೆ ಆರು ವರ್ಷದ ಹಿಂದಿನ ಮಾತು. ತಿಪಟೂರಿನ ನಮ್ಮ ಕೊಬ್ಬರಿ ಬೆಳೆಗಾರರ ಸಂಘದ ಗೋಡೌನಿನಲ್ಲಿ ಮೂವತ್ತು ವರ್ಷ ಕಾಯಿ ಸುಲಿದು, ಕೊಬ್ಬರಿ ಆರಿಸಿ, ಮೂಟೆ ಹೊಲಿದು ಕೈಯೆಲ್ಲಾ ನಾರಿನ ಥರ ಆದ ಮೇಲೆ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡ ನಿಧಾನಕ್ಕೆ ಓದುತ್ತೇನೆ. ಇಂಗ್ಲಿಷ್ ಅಕ್ಷರ ಆಕಾರದ ಮೇಲೆ ಗುರುತು ಹಿಡಿಯುತ್ತೇನೆ. ಈಗ ಆ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಡಿಗ್ರಿ ಮುಗಿಸಿಕೊಂಡು ಬರುತ್ತಾರೆ. ಯಾವ ಬಟನ್ ಒತ್ತಬೇಕು ಅಂತ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಒತ್ತಬಾರದ್ದನ್ನು ಒತ್ತಿದರೆ ಯಾರ ಮನೆಗೆ ಏಟು ಬೀಳುತ್ತೆ ಅಂತ ಮಾತ್ರ ಹೇಳಬಲ್ಲೆ. ಅವರಿಗಂತಲೇ ಇದನ್ನು ಬರೆದಿಟ್ಟಿದ್ದೇನೆ, ತಪ್ಪಕ್ಷರ ಇದ್ದರೆ ಸರಿ ಮಾಡಿಕೊಂಡು ಓದಿ.

ಕೆಲಸ ಏನು ಅಂತ ಮೊದಲು ಹೇಳುತ್ತೇನೆ. ಒಬ್ಬೊಬ್ಬ ರೈತರು ತಂದ ಕೊಬ್ಬರಿಗೆ ಒಂದೊಂದು ಲಾಟು ಅಂತಾರೆ. ಲಾಟು ಯಾರದು, ಕಾಯಿ ಅಟ್ಟದ ಮೇಲೆ ಎಷ್ಟು ತಿಂಗಳು ಒಣಗಿದೆ, ಬೆಳ್ಳಗೆ ಕಾಣಲಿ ಅಂತ ಗಂಧಕದ ಹೊಗೆ ಹಾಕಿದ್ದಾರೋ ಇಲ್ಲವೋ, ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಬೇಕು. ಅದೇ ಸಾಲು ತಿಪಟೂರು, ತುರುವೇಕೆರೆ, ಕಿಬ್ಬನಹಳ್ಳಿ ಅಂತ ಮೂರು ಹೆಸರಿನ ಮೂರು ಕಂಪ್ಯೂಟರಿನಲ್ಲೂ ಹೋಗಿ ಕೂರುತ್ತೆ. ಮೂರರಲ್ಲಿ ಎರಡು ಕಡೆಯವರು ಒಪ್ಪಿದರೆ ಸಾಲು ನಿಲ್ಲುತ್ತೆ. ನಿಂತಿದ್ದನ್ನು ಅಳಿಸೋ ಹಾಗಿಲ್ಲ. ಹೂವಿನ ಸರದಲ್ಲಿ ಒಂದು ಹೂವಿನ ಗಂಟು ಇನ್ನೊಂದನ್ನು ಹಿಡಿದಿರುತ್ತಲ್ಲ, ಹಂಗೆ ಒಂದು ಸಾಲು ಹಿಂದಿನ ಸಾಲನ್ನು ಹಿಡಿದುಕೊಂಡಿರುತ್ತೆ. ಇದಕ್ಕೆ ಬ್ಲಾಕ್‌ಚೈನ್ ಅಂತಾರೆ. ಆ ಮೂರು ಕಂಪ್ಯೂಟರಿಗೆ ನೋಡ್ ಅಂತಾರೆ. ಅವು ನಮ್ಮ ಆಫೀಸಿನಲ್ಲಿ ಇರಲಿಲ್ಲ. ಕ್ಲೌಡ್ ಅಂತ, ಎಲ್ಲೋ ದೂರದ ಊರಲ್ಲಿ ಬಾಡಿಗೆಗೆ ಹಿಡಿದವು. ನಮ್ಮ ಮೇಜಿನ ಮೇಲೆ ಇದ್ದದ್ದು ಅವನ್ನು ನೋಡೋ ಪರದೆ ಅಷ್ಟೆ.

ಒಂದೊಂದು ನೋಡಿಗೂ ಒಬ್ಬೊಬ್ಬ ಕಾಯೋರು. ತುರುವೇಕೆರೆಗೆ ಬಸವರಾಜು, ಕಿಬ್ಬನಹಳ್ಳಿಗೆ ಶಿವಣ್ಣ, ತಿಪಟೂರಿಗೆ ನಾನು. ನನ್ನನ್ನು ಯಾಕೆ ಹಾಕಿದರು ಅಂದರೆ ಬೆಳಗ್ಗೆ ಆರು ಗಂಟೆಗೆ ಗೋಡೌನ್ ಬೀಗ ತೆಗೆಯೋಳು ನಾನೊಬ್ಬಳೇ. ನಮ್ಮ ಕಾರ್ಯದರ್ಶಿ ಪರಮೇಶಯ್ಯನವರು ಕಮಿಟಿಯಲ್ಲಿ, "ಗಂಧಕ ಮೂಸಿ ನೋಡೋ ಮೂಗು ಈವಮ್ಮಂಗಿದೆ. ಬಟನ್ ಒತ್ತೋಕೆ ಬೆರಳೂ ಇದೆ. ಇನ್ನೇನ್ರಪ್ಪಾ ಬೇಕು" ಅಂದರಂತೆ.

ಕಲಿಸೋಕೆ ತುಮಕೂರಿನಿಂದ ವನಜಾ ಅನ್ನೋ ಇಂಜಿನಿಯರು ಬಸ್ಸಿನಲ್ಲಿ ಬರುತ್ತಿದ್ದರು. ಮೂವತ್ತೈದರ ಹೆಣ್ಣುಮಗಳು, ಕೈಯಲ್ಲಿ ಯಾವಾಗಲೂ ನೀರಿನ ಬಾಟ್ಲಿ. ನನಗೆ ಇಂಗ್ಲಿಷ್ ಬರಲ್ಲ ಅಂದಾಗ ನಗಲಿಲ್ಲ. ಒಂದು ಹಾಳೆ ಮೇಲೆ ಚಿತ್ರ ಬರೆದು ಗೋಡೆಗೆ ಅಂಟಿಸಿದರು. ಹಸಿರು ಚುಕ್ಕೆ ಇದ್ದರೆ ನೋಡ್ ಚೆನ್ನಾಗಿದೆ. ಹಳದಿ ಅಂದರೆ ಮಿಕ್ಕ ಎರಡಕ್ಕಿಂತ ಹಿಂದೆ ಬಿದ್ದಿದೆ. ಕೆಂಪು ಅಂದರೆ ಎಚ್ಚರ ತಪ್ಪಿದೆ, ರೀಸ್ಟಾರ್ಟ್ ಒತ್ತು. ಪಕ್ಕದಲ್ಲಿ ಸ್ಟಾಪ್ ಅಂತ ಇನ್ನೊಂದು ಬಟನ್. ಅದರ ಮೇಲೆ ಅಡ್ಡಗೆರೆ ಎಳೆದು, "ಇದನ್ನ ಮುಟ್ಟಬೇಡಿ ಗೌರಮ್ಮ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಅದನ್ನು ಮುಟ್ಟಬೇಡ, ಇದನ್ನು ಮುಟ್ಟಬೇಡ ಅಂತ ಹುಟ್ಟಿದಾಗಿನಿಂದ ಕೇಳಿಸಿಕೊಂಡೋಳು ನಾನು, ಎಲ್ಲದಕ್ಕೂ ಕಾರಣ ಕೇಳೋ ಅಭ್ಯಾಸ ಇರಲಿಲ್ಲ.

ಮೊದಮೊದಲು ಮಾಡಿದ ದಡ್ಡತನಕ್ಕೆ ಲೆಕ್ಕ ಇಲ್ಲ. ಸಾಲಿನ ಕೆಳಗೆ ಸಹಿ ಬೀಳಬೇಕಾದರೆ ಒಂದು ಕೀಲಿ ಬೇಕು. ಅದು ಬೆರಳುದ್ದದ ಪೆನ್‌ಡ್ರೈವಿನಲ್ಲಿ ಇರುತ್ತಿತ್ತು. ಕಳೆಯಬಾರದು ಅಂದರು. ನಾನು ಯಾವತ್ತೂ ಕಳೆಯದ ಸಾಮಾನು ಅಂದರೆ ನನ್ನ ಎಲೆಅಡಿಕೆ ಚೀಲ. ಅದರೊಳಗೆ ಹಾಕಿಕೊಂಡೆ. ತಿಂಗಳೊಪ್ಪತ್ತಿನಲ್ಲಿ ಸುಣ್ಣ ಹೊಕ್ಕು ಕೀಲಿ ಬಾಯಿ ಕಟ್ಟಿಕೊಂಡಿತು. ವನಜಾ ಬಂದು ಹೊಸ ಕೀಲಿ ಮಾಡಿ, ಹಳೇದು ಇನ್ನು ನಡೆಯಲ್ಲ ಅಂತ ಮೂರು ನೋಡಿಗೂ ತಿಳಿಸಬೇಕಾಯಿತು. ಅರ್ಧ ದಿನ ಹಿಡಿಯಿತು. ಹೋಗುವಾಗ, "ಗೌರಮ್ಮ, ಇದನ್ನ ಕತ್ತಿಗೆ ಹಾಕ್ಕೊಳ್ಳಿ" ಅಂದು ದಾರ ಕಟ್ಟಿಕೊಟ್ಟರು. ಆಗ ಸಾಲು ಬರೆಯೋದು, ಒಪ್ಪೋದು, ಸಾಲು ಇಟ್ಟುಕೊಳ್ಳೋ ಡಿಸ್ಕ್ ತುಂಬಿದರೆ ಬೇಡದ ಕಸ ತೆಗೆದು ಜಾಗ ಮಾಡೋದು ಎಲ್ಲಾ ಕೈಯಲ್ಲೇ. ಈಗ ಡಿಸ್ಕ್ ತುಂಬುವ ಮೊದಲೇ ಫೋನಿಗೆ ಮೆಸೇಜು ಬರುತ್ತೆ, ಬಿದ್ದ ನೋಡ್ ತಾನೇ ಎದ್ದು ಕೂರುತ್ತೆ. ಒಳ್ಳೇದೇ ಆಯ್ತು.

ಡಿಸ್ಕ್ ವಿಷಯಕ್ಕೇ ನನಗೂ ಕಿಬ್ಬನಹಳ್ಳಿ ಶಿವಣ್ಣನಿಗೂ ಆಗುತ್ತಿರಲಿಲ್ಲ. ಡಿಸ್ಕಿನಲ್ಲಿ ಜಾಗ ಮಾಡದೆ ಅವನ ಚುಕ್ಕೆ ವಾರಕ್ಕೆ ಎರಡು ದಿನ ಹಳದಿ. ಮಿಕ್ಕ ನಾವಿಬ್ಬರು ಒಪ್ಪಿದರೆ ಸಾಲು ನಿಲ್ಲುತ್ತೆ ಅಂತ ಗೊತ್ತಿದ್ದರಿಂದ ಅವನಿಗೆ ಆತುರವೇ ಇರಲಿಲ್ಲ. ಫೋನ್ ಮಾಡಿದರೆ ಹೈವೇ ಪಕ್ಕದ ಟೀ ಅಂಗಡಿಯ ಸದ್ದು ಕೇಳುತ್ತಿತ್ತು.

"ಏನ್ಲಾ ಶಿವಣ್ಣ, ನಿನ್ನ ನೋಡು ಹಳದಿ ಆಗಿ ಮೂರು ದಿನ ಆಯ್ತು."

"ಅರಿಶಿನ ಕುಂಕುಮ ಶುಭ ಬುಡಕ್ಕ."

ಇಂಥೋನ ಹತ್ತಿರ ಏನು ಮಾತಾಡೋದು.

ಇನ್ನು ಸಣ್ಣಮ್ಮನ ವಿಷಯ. ಶೆಟ್ಟಿಕೆರೆ ಕಡೆಯೋಳು. ಅಪ್ಪನ ಮನೆಯಿಂದ ನಲವತ್ತು ತೆಂಗಿನಮರ ಪಾಲಿಗೆ ಬಂದಿತ್ತು. ಅಲ್ಲಿತನಕ ಅವಳ ಕಾಯಿ ಮೈದುನನ ಹೆಸರಲ್ಲಿ ಹೋಗುತ್ತಿತ್ತು. ಆ ವರ್ಷ ಅವಳೇ ಸಂಘದ ಸದಸ್ಯೆ ಆದಳು. ಆಯುಧ ಪೂಜೆಗೆ ಎರಡು ದಿನ ಇದೆ ಅನ್ನುವಾಗ ಅವಳ ಹೆಸರಿನ ಮೊದಲನೇ ಲಾಟು ಬಂತು. ಮೂಟೆ ಮೇಲೇ ಕೂತುಕೊಂಡು ಬಂದಿದ್ದಳು. ನಾನು ಒಂದು ಚೂರು ಕಚ್ಚಿ ಅಗಿದು ನೋಡಿದೆ. ಗಂಧಕ ಹಾಕಿದ ಕೊಬ್ಬರಿ ಗಂಟಲು ಕೆರೆಯುತ್ತೆ. ಇದು ಬೆಣ್ಣೆಯಂಗೆ ಇಳಿಯಿತು. ಹನ್ನೊಂದು ತಿಂಗಳು ಅಟ್ಟದ ಮೇಲೆ ಇಟ್ಟಿದ್ದ ಮಾಲು. ಸಾಲು ಬರೆದೆ, ಹೊಗೆ ಇಲ್ಲ ಅಂತ ಹಾಕಿದೆ, ತುರುವೇಕೆರೆಯಿಂದ ಬಸವರಾಜು ಒಪ್ಪಿದ, ಸಾಲು ನಿಂತಿತು.

"ನನ್ ಹೆಸ್ರು ಎಲ್ಲೈತೆ ತೋರ್ಸಕ್ಕ" ಅಂದಳು. ತೋರಿಸಿದೆ. ಪರದೆ ಹತ್ತಿರ ಮುಖ ಇಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡಳು. ಆಮೇಲೆ ಬೆರಳಲ್ಲಿ ಮುಟ್ಟಿದಳು. ಪರದೆ ಮೇಲೆ ಕೊಬ್ಬರಿ ಎಣ್ಣೆ ಗುರುತು ಉಳೀತು. ನಾನು ಒರೆಸಿದೆ.

ಅವತ್ತು ಸಂಜೆ ಹನ್ನೊಂದು ಜನರ ಲಾಟು ಒಂದೇ ಲಾರಿಯಲ್ಲಿ ಹೋಯ್ತು. ಮಾರನೇ ದಿನ ಕೊಂಡ ಮಂಡಿಯವರು ಮೂಟೆಯಲ್ಲಿ ಗಂಧಕದ ವಾಸನೆ ಇದೆ ಅಂತ ತಕರಾರು ತೆಗೆದರು. ಪರಮೇಶಯ್ಯ ಬಂದು, "ವಿಜಯದಶಮಿ ಮಾರನೇ ದಿನ ಕಮಿಟಿ ಕೂರುತ್ತೆ. ಹನ್ನೊಂದು ಸಾಲೂ ತೆಗೆದು ನೋಡ್ತೀವಿ. ಹೊಗೆ ಇಲ್ಲ ಅಂತ ಸಾಲು ಯಾರದ್ದು ಇರಲ್ವೋ ಅವರು ಸಂಘದಿಂದ ಆಚೆ" ಅಂದರು. ಹತ್ತು ಜನ ಹಳಬರು. ಹೊಸಬಳು ಒಬ್ಬಳೇ. ಎಲ್ಲರ ಕಣ್ಣು ಎಲ್ಲಿಗೆ ಹೋಗುತ್ತೆ ಅಂತ ಬಿಡಿಸಿ ಹೇಳಬೇಕಾ.

ಸಣ್ಣಮ್ಮ ಸುದ್ದಿ ಕೇಳಿ ಮಧ್ಯಾಹ್ನದ ಬಸ್ಸಿಗೇ ಬಂದಳು. "ಮೈದುನ ಆಗ್ಲೇ ನಗ್ತಾವ್ನೆ ಅಕ್ಕ. ಹೆಂಗಸ್ರ ಯಾಪಾರ ಇಷ್ಟೇ ಅಂತ. ಒಂದ್ಸಲ ತೆಗೆದ್ರೆ ತಿರುಗಿ ಸೇರುಸ್ಕೊಳಲ್ವಂತೆ."

"ಯಾವನೇ ನಿನ್ನ ತೆಗೆಯೋನು" ಅಂದೆ. "ಹೊಗೆ ಇಲ್ಲ ಅಂತ ನಾನೇ ಬರೆದಿದೀನಿ. ಅದನ್ನ ಬ್ರಹ್ಮ ಬಂದ್ರೂ ಅಳ್ಸಾಕಾಗಲ್ಲ. ಹೋಗಿ ಹಬ್ಬ ಮಾಡು."

ಮಾತು ಕೊಟ್ಟೋಳು ನಾನೇ. ಮಾರನೇ ಬೆಳಗ್ಗೆ ಅಳಿಸಿದೋಳೂ ನಾನೇ.

ಆಯುಧ ಪೂಜೆ ದಿನ ನಮ್ಮ ಕಡೆ ಯಾರೂ ಕುಡುಗೋಲು ಮುಟ್ಟಲ್ಲ. ತಕ್ಕಡಿ, ಕಾಯಿ ಸುಲಿಯೋ ಸಲಾಕೆ, ಲಾರಿ, ಹೊಲಿಗೆ ಮೆಷೀನು ಎಲ್ಲವನ್ನೂ ತೊಳೆದು, ಕುಂಕುಮ ಇಟ್ಟು, ಹೂವು ಹಾಕಿ, ಅವತ್ತೊಂದು ದಿನ ಸುಮ್ಮನೆ ಇರಲು ಬಿಡುತ್ತೇವೆ. ವರ್ಷವೆಲ್ಲಾ ದುಡಿದಿರುತ್ತವೆ. ನೋಡ್ ಬಂದ ಮೇಲೆ ಅದೇ ಮೊದಲನೇ ಆಯುಧ ಪೂಜೆ. ನಾನು ಮೇಜಿನ ಮೇಲಿನ ಪರದೆಗೆ ಕುಂಕುಮ ಇಟ್ಟೆ. ಆದರೆ ದುಡಿಯೋದು ಅದಲ್ಲವಲ್ಲ. ದುಡಿಯೋದು ಎಲ್ಲೋ ದೂರದಲ್ಲಿದೆ, ಹಗಲೂ ರಾತ್ರಿ ಕಣ್ಣು ಮುಚ್ಚಿಲ್ಲ. ಅದಕ್ಕೆ ಕುಂಕುಮ ಇಡೋಕೆ ಕೈ ನಿಲುಕಲ್ಲ. ವಿಶ್ರಾಂತಿ ಆದರೂ ಕೊಡಬೇಕು ಅನ್ನಿಸಿತು. ನಗಬೇಡಿ, ನನಗೆ ಆಗ ನಿಜವಾಗಲೂ ಪಾಪ ಅನ್ನಿಸಿತ್ತು. ಸ್ಟಾಪ್ ಒತ್ತಿದೆ.

ನಾನೊಬ್ಬಳೇ ಒತ್ತಿದ್ದರೆ ಇಷ್ಟು ಆಗುತ್ತಿರಲಿಲ್ಲ. ತುರುವೇಕೆರೆಗೆ ಫೋನ್ ಮಾಡಿದೆ. ಬಸವರಾಜು, "ಹೌದಲ್ವಾ ಅಕ್ಕ, ನಂಗೆ ಹೊಳೀಲೇ ಇಲ್ಲ" ಅಂದು ಅವನದ್ದೂ ನಿಲ್ಲಿಸಿದ. ಶಿವಣ್ಣನಿಗೂ ಹೇಳಿದೆ. "ಆಯ್ತಕ್ಕ, ನಿಲ್ಲುಸ್ತೀನಿ" ಅಂದ. ಮನಸ್ಸಿಗೆ ತೃಪ್ತಿ ಆಗಿ ಮನೆಗೆ ಹೋಗಿ ಹೋಳಿಗೆ ತಿಂದೆ.

ವಿಜಯದಶಮಿ ಬೆಳಗ್ಗೆ ಆರಕ್ಕೆ ಬಂದು ನೋಡನ್ನು ತಿರುಗಿ ಶುರು ಮಾಡಿದೆ. ಹಸಿರು ಬಂತು. ಸಾಲು ಬರಲಿಲ್ಲ. ಒಂದೂ ಇರಲಿಲ್ಲ. ತೊಳೆದ ಹಲಗೆಯಂಗೆ ಬೋಳು. ಬಸವರಾಜು ಫೋನ್ ಮಾಡಿ, "ಅಕ್ಕ, ನಂದು ಖಾಲಿ ಹೊಡೀತೈತೆ" ಅಂದ. ವನಜಾಗೆ ಫೋನ್ ಮಾಡಿದೆ. ನಾನು ಹೇಳಿದ್ದನ್ನೆಲ್ಲಾ ಕೇಳಿಸಿಕೊಂಡರು.

"ಮೂರೂ ನಿಲ್ಸಿದ್ರಾ?"

"ಮೂರೂ ನಿಲ್ಸಕ್ಕೆ ಹೇಳ್ದೆ ಕಣವ್ವ."

"ಏನೂ ಮುಟ್ಟಬೇಡಿ. ಬರ್ತೀನಿ."

ಹಬ್ಬದ ಸೀರೆಯಲ್ಲೇ ಬಂದರು. ಬಂದು ನನಗೆ ಬೈಯಲಿಲ್ಲ. ಕೂರಿಸಿಕೊಂಡು ವಿವರಿಸಿದರು. ಹಳ್ಳಿಯವಳಿಗೆ ತಿಳಿಯೋ ಹಾಗೇ ಹೇಳಿದರು. ರೀಸ್ಟಾರ್ಟ್ ಅಂದರೆ ಮನೆ ಬಾಗಿಲು ಹಾಕಿ ತೆಗೆದಂಗೆ, ಸಾಮಾನು ಇದ್ದಲ್ಲೇ ಇರುತ್ತೆ. ಸ್ಟಾಪ್ ಅಂದರೆ ಬಾಡಿಗೆ ಮನೆ ಬಿಟ್ಟುಕೊಟ್ಟಂಗೆ. ಸಂಘದವರು ಹಿಡಿದಿದ್ದು ಕಡಿಮೆ ದರದ ಕಂಪ್ಯೂಟರು. ನಿಲ್ಲಿಸಿದ ತಕ್ಷಣ ಒಳಗಿನ ಡಿಸ್ಕನ್ನು ಕ್ಲೌಡಿನವರು ಗುಡಿಸಿ ಬೇರೆಯವರಿಗೆ ಕೊಡುತ್ತಾರೆ. ಒಂದು ನಿಂತರೆ ಮಿಕ್ಕ ಎರಡರಿಂದ ನಕಲು ಮಾಡಿಕೊಳ್ಳಬಹುದು. ಅದಕ್ಕೇ ಮೂರು ಇಟ್ಟಿರೋದು. ಮೂರನ್ನೂ ಒಂದೇ ದಿನ ನಿಲ್ಲಿಸುತ್ತಾರೆ ಅಂತ ಅವರು ಅಂದುಕೊಂಡಿರಲಿಲ್ಲ.

"ಇದು ನಂದೂ ತಪ್ಪು ಗೌರಮ್ಮ. ಮುಟ್ಟಬೇಡಿ ಅಂದೆ. ಯಾಕೆ ಅಂತ ಹೇಳಲಿಲ್ಲ. ನಿಲ್ಸಿದ್ರೂ ಅಳಿಯದ ಬೇರೆ ಡಿಸ್ಕ್ ಹಾಕಿಸೋದೂ ನಾಳೆ ನಾಳೆ ಅಂತ ಬಿಟ್ಟೆ" ಅಂದರು. ಮೂವತ್ತು ವರ್ಷದಲ್ಲಿ ನನ್ನ ಮೇಲಿನವರು ಯಾರೂ ನನ್ನೆದುರು ತಪ್ಪು ಒಪ್ಪಿಕೊಂಡಿರಲಿಲ್ಲ. ನೀವು ಮುಂದೆ ಯಾರಿಗಾದರೂ ಮೇಲಿನವರಾದರೆ ನೆನಪಿರಲಿ.

ಉಳಿದಿದ್ದು ಕಿಬ್ಬನಹಳ್ಳಿ. ಫೋನ್ ಮಾಡಿದೆ.

"ಶಿವಣ್ಣ, ನಿನ್ನೆ ನಿಲ್ಲುಸ್ದೇನಪ್ಪಾ?"

"ಅಯ್ಯೋ ಅಕ್ಕ, ಬೈಬ್ಯಾಡ. ಬೈಕ್ ತೊಳೀತಾ ಮರ್ತೋಯ್ತು. ಈಗ್ಲೇ ನಿಲ್ಲುಸ್ತೀನಿ."

"ನಿಲ್ಲುಸ್ಬ್ಯಾಡ ಕಣೋ ನಮ್ಮಪ್ಪ. ಕೈ ಕಟ್ಕೊಂಡು ಕೂತ್ಕೊ. ನಿನ್ನ ಸೋಂಬೇರಿತನಕ್ಕೆ ಒಂದು ಕಾಯಿ ಒಡೀತೀನಿ."

"ಹಂಗಂದ್ರೆ ಒಳ್ಳೇದಾಯ್ತಾ ಕೆಟ್ಟದಾಯ್ತಾ, ಅದನ್ನ ಹೇಳು."

ಎರಡೂ ಆಗಿತ್ತು. ಅವನ ನೋಡಿನಲ್ಲಿ ಹಿಂದಿನ ಸಾಲೆಲ್ಲಾ ಇದ್ದವು. ವನಜಾ ಅದರಿಂದ ನನ್ನ ನೋಡಿಗೂ ಬಸವರಾಜುವಿನದಕ್ಕೂ ನಕಲು ಇಳಿಸಿದರು. ಆದರೆ ಅವನ ಡಿಸ್ಕ್ ತುಂಬಿಹೋಗಿ ಹಬ್ಬದ ಹಿಂದಿನ ಮೂರು ದಿನದಿಂದ ಬರೆದುಕೊಳ್ಳುವುದನ್ನೇ ಬಿಟ್ಟಿತ್ತು. ಆ ಮೂರು ದಿನದಲ್ಲಿ ನಿಂತಿದ್ದು ಲಾರಿಯ ಹನ್ನೊಂದು ಸಾಲು. ಕಳೆದಿದ್ದು ಸರಿಯಾಗಿ ಅಷ್ಟೇ.

ಮಧ್ಯಾಹ್ನದ ಬಸ್ಸಿಗೆ ಸಣ್ಣಮ್ಮನ ಮನೆಗೆ ಹೋದೆ. ಬೇರೆಯವರ ಬಾಯಿಂದ ಗೊತ್ತಾಗಬಾರದು ಅಂತ. ಜಗಲಿ ಮೇಲೆ ಹೂ ಕಟ್ಟುತ್ತಾ ಕೂತಿದ್ದಳು. ನಾನು ಸುತ್ತಿ ಬಳಸಿ ಹೇಳಲಿಲ್ಲ. "ನಿನ್ನ ಸಾಲು ಹೋಯ್ತು ಕಣೇ. ನಾನೇ ಕಳೆದೆ" ಅಂದೆ.

ಕಟ್ಟುತ್ತಿದ್ದ ಹೂವನ್ನು ಪಕ್ಕಕ್ಕೆ ಇಟ್ಟಳು. "ಬ್ರಹ್ಮ ಬಂದ್ರೂ ಅಳ್ಸಾಕಾಗಲ್ಲ ಅಂದ್ಯಲ್ಲಕ್ಕ" ಅಂದಳು.

"ಬ್ರಹ್ಮ ಬರ್ಲಿಲ್ಲ. ನಾನು ಬಂದೆ."

ಅವಳಿಗೆ ನಗು ಬಂತೋ ಅಳು ಬಂತೋ, ಮುಖ ಆ ಕಡೆ ತಿರುಗಿಸಿಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ ಎಲೆ ಹಾಕಿದಳು. "ಉಂಡ್ಕೊಂಡು ಹೋಗು. ಹಬ್ಬದ ದಿನ ಬೈಯಬಾರ್ದು. ನಾಳೆ ಬೈತೀನಿ." ಪಾಯಸ ಎರಡು ಸಲ ಬಡಿಸಿದಳು. ಎರಡು ಸಲವೂ ಬಿಡದೆ ಉಂಡೆ.

ಮಾರನೇ ದಿನ ಕಮಿಟಿ ಕೂತಿತು. ವನಜಾನೂ ಬಂದಿದ್ದರು, ಬಸವರಾಜು, ಶಿವಣ್ಣನನ್ನೂ ಕರೆಸಿದ್ದರು. ಸಣ್ಣಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಕೂರು ಅಂದರೂ ಕೂರಲಿಲ್ಲ.

ಪರಮೇಶಯ್ಯ ಹೇಳಿದರು, "ಹತ್ತು ಜನ ನಮಗೆ ಗೊತ್ತಿರೋರು. ಅವರ ಬಾಯಿಮಾತಿನ ಮೇಲೆ ಸಾಲು ತಿರುಗಿ ಬರೆಯೋಣ. ಈಯಮ್ಮಂದು ಮಾತ್ರ ಆಗಲ್ಲ. ಯಾರಿಗೆ ಗೊತ್ತು."

"ನಂಗೊತ್ತು" ಅಂದೆ. "ಕಚ್ಚಿ ನೋಡಿದೋಳು ನಾನು."

"ನಿನ್ನ ಮಾತು ನಂಬೋ ಕಾಲ ನಿನ್ನೆಗೆ ಮುಗೀತು ಗೌರಮ್ಮ."

ಅದು ನಿಜವೇ. ಬಸವರಾಜು ಕಡೆ ನೋಡಿದೆ. "ಅವತ್ತು ಈ ಸಾಲು ಒಪ್ಪಿದೋನು ನೀನಲ್ವಾ. ಹೇಳಪ್ಪ."

ಅವನು ತಲೆ ತಗ್ಗಿಸಿದ. "ಅಕ್ಕ, ನಾನು ಓದಲ್ಲ. ನೀನು ಕಳ್ಸಿದ್ಯಾ ಅಂದ್ರೆ ಒಪ್ಪು ಅಂತ ಒತ್ತಿಬುಡ್ತೀನಿ. ಮೊದಲಿಂದ್ಲೂ ಹಂಗೇಯ."

ವನಜಾ ಹಣೆ ಹಿಡಿದುಕೊಂಡರು. ಮೂರು ನೋಡು, ಮೂರು ಕೀಲಿ, ಇಷ್ಟೆಲ್ಲಾ ಇದ್ದೂ ನೋಡುತ್ತಿದ್ದದ್ದು ನಾನೊಬ್ಬಳೇ. ಕೆಲಸಕ್ಕೆ ಸೇರೋರೇ, ಒಪ್ಪು ಅಂತ ಒತ್ತೋ ಮೊದಲು ಓದಿ. ಪ್ರತಿ ಸಲವೂ ಓದಿ. ನನ್ನಂಥೋಳು ಕಳಿಸಿದ್ದಾದರೂ ಓದಿ.

"ಹಂಗಾದ್ರೆ ಈಗ ಬಂದು ನೋಡ್ರಪ್ಪ" ಅಂದೆ. "ಅವಳ ಮನೇಲೇ ಹೊಗೆ ಹಾಕಿರ್ಬೇಕು ತಾನೇ, ಹಾಕಿದ್ರೆ. ಹೋಗೋಣ. ಮೂರೂ ನೋಡಿನೋರೂ ಕಣ್ಣಾರೆ ನೋಡ್ಲಿ. ಮೂರೂ ಜನ ಒಪ್ಪಿದ್ರೆ ಬರೀರಿ. ಒಬ್ಬ ಇಲ್ಲ ಅಂದ್ರೂ ಬ್ಯಾಡ."

ವನಜಾ, "ಅದು ಸರಿಯಾದ ಕ್ರಮ" ಅಂದರು. ಪರಮೇಶಯ್ಯ ಗೊಣಗುತ್ತಾ ಸಂಘದ ಗಾಡಿ ತೆಗೆಸಿದರು.

ಸಣ್ಣಮ್ಮನ ಮನೆ ಅಟ್ಟಕ್ಕೆ ಬಿದಿರಿನ ಏಣಿ. ಮುಂದೆ ಬಸವರಾಜು, ಹಿಂದೆ ಶಿವಣ್ಣ, ಆಮೇಲೆ ನಾನು ಹತ್ತಿದೆವು. ಪರಮೇಶಯ್ಯ ಕೆಳಗೇ ನಿಂತು ಮೂಗು ಎತ್ತಿದ್ದರು. ಅಟ್ಟದ ಒಂದು ಮೂಲೆಯಲ್ಲಿ ಇನ್ನೂ ಸುಲಿಯದೆ ಉಳಿದ ಕಾಯಿ ರಾಶಿ, ಇನ್ನೊಂದು ಮೂಲೆಯಲ್ಲಿ ಸುಲಿದು ಒಡೆದ ಕೊಬ್ಬರಿ ಒಂದು ಬುಟ್ಟಿ. ಬಸವರಾಜು ಕೊಬ್ಬರಿ ಮೂಸಿದ, ಕಚ್ಚಿದ. ನನ್ನ ಮುಖ ನೋಡಿದ.

"ನನ್ನ ಮುಖ ಯಾಕ್ಲಾ ನೋಡ್ತೀಯ. ನಿನ್ನ ಗಂಟಲು ಏನಂತೈತೆ ಕೇಳು."

"ಕೆರೀತಾ ಇಲ್ಲ ಅಕ್ಕ." ಅಷ್ಟರಲ್ಲಿ ಅವನು ಕುಣಿಯೋಕೆ ಶುರು ಮಾಡಿದ. ಕೊಬ್ಬರಿ ಬುಟ್ಟಿಗೆ ಮುತ್ತಿದ್ದ ಕೆಂಪಿರುವೆ ಪಂಚೆಯೊಳಗೆ ಹತ್ತಿದ್ದವು.

ಶಿವಣ್ಣ ಅವನನ್ನು ನೋಡಿ ನಗುತ್ತಿದ್ದೋನು ತಟ್ಟನೆ ನಿಲ್ಲಿಸಿದ. ಮೇಲಿನ ತೊಲೆ ನೋಡಿದ, ಮೂಲೆಗಳನ್ನು ನೋಡಿದ. "ಪರಮೇಶಣ್ಣ" ಅಂತ ಕೆಳಗೆ ಕೂಗಿದ, "ಗಂಧಕ ಹಾಕಿರೋ ಅಟ್ಟದಾಗೆ ತಿಂಗಳುಗಟ್ಟಲೆ ಇರುವೆ ಸುಳಿಯಲ್ಲ. ಇಲ್ಲಿ ಇರುವೆ ಜಾತ್ರೆ ನಡೀತೈತೆ. ಜೇಡ ಮೊಟ್ಟೆ ಇಟ್ಟೈತೆ. ಹಲ್ಲಿ ಎರಡವೆ. ಇನ್ನೇನ್ ಬೇಕು ನಿಂಗೆ." ಸೋಂಬೇರಿಯಾದರೂ ಕೊಬ್ಬರಿ ಮನೆಯಲ್ಲಿ ಹುಟ್ಟಿದೋನು. ನನಗೆ ಅದು ಹೊಳೆದಿರಲಿಲ್ಲ.

ಪರಮೇಶಯ್ಯ ಏಣಿ ಹತ್ತಿ, ತಲೆಯಷ್ಟನ್ನೇ ಒಳಗೆ ಹಾಕಿ, ಸುತ್ತ ನೋಡಿ ಇಳಿದರು. ಸಣ್ಣಮ್ಮನಿಗೆ, "ನೀರು ಕೊಡಮ್ಮ" ಅಂದರು. ಅವರ ಬಾಯಲ್ಲಿ ಅದು ಕ್ಷಮೆ ಕೇಳಿದ ಲೆಕ್ಕ.

ಗೋಡೌನಿಗೆ ವಾಪಸು ಬಂದು ಮಿಕ್ಕ ಹತ್ತು ಜನರ ಮನೆಗೂ ಹಿಂಗೇ ಹೋಗಿ ನೋಡಿ ಬರೆಯೋದು ಅಂತ ತೀರ್ಮಾನ ಆಯ್ತು. ಹಳಬರಿಗೆ ಒಂದು ನ್ಯಾಯ, ಹೊಸಬಳಿಗೆ ಒಂದು ನ್ಯಾಯ ಆಗಬಾರದು ಅಂತ ವನಜಾ ಹಟ ಹಿಡಿದರು. ಮುಂದಿನ ವಾರ ಎಲ್ಲಾ ನೋಡಿದೆವು. ಆ ಗಂಧಕ ಯಾರದು ಅಂತ ಕೊನೆಗೂ ಗೊತ್ತಾಗಲಿಲ್ಲ. ಲಾರಿ ಹಿಂದಿನ ದಿನ ಏನು ಹೊತ್ತಿತ್ತೋ.

ಅವತ್ತು ಸಂಜೆ ಸಣ್ಣಮ್ಮನ ಸಾಲು ಬರೆಯೋಕೆ ಕೂತೆ. ಅದಕ್ಕಿಂತ ಮೊದಲು ಇನ್ನೊಂದು ಸಾಲು ಬರೆದೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದರಿಂದ ಹೊತ್ತು ಹಿಡೀತು. 'ತಿಪಟೂರು ನೋಡಿನ ಗೌರಮ್ಮ ಹಬ್ಬದ ದಿನ ನೋಡ್ ನಿಲ್ಲಿಸಿ, ತುರುವೇಕೆರೆಯದ್ದನ್ನೂ ನಿಲ್ಲಿಸಲು ಹೇಳಿದ್ದರಿಂದ ಹನ್ನೊಂದು ಸಾಲು ಕಳೆದವು. ಅವನ್ನು ಮನೆಮನೆಗೆ ಹೋಗಿ ನೋಡಿ ತಿರುಗಿ ಬರೆಯುತ್ತೇವೆ. ತಪ್ಪು ಬೆಳೆಗಾರರದ್ದಲ್ಲ.'

ಪರಮೇಶಯ್ಯ ಹಿಂದೆ ನಿಂತು ಓದುತ್ತಿದ್ದರು. "ಇದನ್ನ ಯಾಕೆ ಬರೀತೀಯ. ಆಮೇಲೆ ಅಳ್ಸಾಕಾಗಲ್ಲ."

"ಅದಕ್ಕೇ ಬರೀತಿರೋದು" ಅಂದೆ.

ತುರುವೇಕೆರೆಗೆ ಹೋಗಿ ಮುಟ್ಟಿದ ಬಸವರಾಜುವಿನಿಂದ ಒಪ್ಪಿಗೆ ಬರೋಕೆ ಬಹಳ ಹೊತ್ತಾಯಿತು. ಫೋನ್ ಮಾಡಿ ಏನ್ಲಾ ತಡ ಅಂದರೆ, "ಓದ್ತಾ ಇವ್ನಿ ಇರಕ್ಕ" ಅಂದ. ಶಿವಣ್ಣನ ಚುಕ್ಕೆ ಅವತ್ತು ಹಸಿರು. ಮೂರೂ ಒಪ್ಪಿದವು. ತನ್ನ ಸಾಲು ನೋಡೋಕೆ ನಮ್ಮ ಗಾಡಿಯಲ್ಲೇ ಬಂದಿದ್ದ ಸಣ್ಣಮ್ಮ ಕೊನೇ ಬಸ್ಸು ಹಿಡಿಯೋಕೆ ಓಡಿದಳು. ಬೈಯುತ್ತೇನೆ ಅಂದಿದ್ದನ್ನು ಮರೆತಿದ್ದಳೋ, ಬೇಕಂತಲೇ ಬಿಟ್ಟಳೋ.

ಮಾರನೇ ಬೆಳಗ್ಗೆ ಆರೂವರೆಗೆಲ್ಲಾ ಅವಳು ಅಟ್ಟದಲ್ಲಿ ಉಳಿದಿದ್ದ ಮಾಲನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ರಾತ್ರಿಯೆಲ್ಲಾ ಸುಲಿದಿದ್ದಳು ಅಂತ ಬೆರಳು ನೋಡಿದರೇ ಗೊತ್ತಾಗುತ್ತಿತ್ತು. ನಾನು ಮೂಟೆ ಬಿಚ್ಚಿಸಿ ನೆಲಕ್ಕೆ ಸುರಿದು, ಒಂದೊಂದನ್ನೇ ಕೈಗೆ ತೆಗೆದುಕೊಂಡು ನೋಡಿದೆ. ಇನ್ನೂ ಹಸಿ ಬಿಡದ ಹದಿನೇಳು ಕೊಬ್ಬರಿ ಬೇರೆ ತೆಗೆದು ಅವಳ ಮುಂದೆ ಇಟ್ಟೆ. ಅವಳು ಮುಖ ಊದಿಸಿಕೊಂಡಳು. ಹದಿನೇಳು ವಾಪಸು ಅಂತಲೂ ಸೇರಿಸಿ ಸಾಲು ಬರೆದು, ಒತ್ತಿದೆ.